ಭೂಗೋಳದ ಐದು ಮೂಲ ವಿಷಯಗಳು: ಕರಾವಳಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರು, ಉಡುಪಿ ಕಡೆಯ ಹೈಸ್ಕೂಲು ಮಕ್ಕಳು, ಅವರ ಅಪ್ಪ ಅಮ್ಮಂದಿರು, ಹೊಸದಾಗಿ ಸಮಾಜ ವಿಜ್ಞಾನ ಪಾಠ ಮಾಡಲು ಬಂದ ಶಿಕ್ಷಕರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಉದಾಹರಣೆಗಳು ಬಹುತೇಕ ನಮ್ಮ ಎರಡು ಜಿಲ್ಲೆಗಳವೇ. ಮನೆ ಹಿಂದಿನ ಹೊಳೆಯನ್ನು ಸರಿಯಾಗಿ ನೋಡಲು ಕಲಿತ ಮಗುವಿಗೆ ಪುಸ್ತಕದ ನೈಲ್ ನದಿ ಬೇಗ ಅರ್ಥವಾಗುತ್ತದೆ ಅನ್ನುವುದು ನನ್ನ ನಂಬಿಕೆ.

ಆ ಐದು ವಿಷಯಗಳು ಯಾವುವು?

ಸ್ಥಾನ, ಸ್ಥಳ, ಮನುಷ್ಯ ಮತ್ತು ಪರಿಸರದ ಸಂಬಂಧ, ಚಲನೆ, ಪ್ರದೇಶ. ಹೆಸರುಗಳನ್ನು ಬಾಯಿಪಾಠ ಮಾಡುವುದಕ್ಕಿಂತ ಪ್ರಶ್ನೆಗಳಾಗಿ ಇಟ್ಟುಕೊಳ್ಳುವುದು ಒಳ್ಳೆಯದು. ಈ ಊರು ಎಲ್ಲಿದೆ? ಹೇಗಿದೆ, ಏನೇನಿದೆ? ಇಲ್ಲಿನ ಜನ ನೆಲ, ನೀರು, ಮಳೆಯ ಜೊತೆ ಹೇಗೆ ಬದುಕುತ್ತಾರೆ? ಇಲ್ಲಿಗೆ ಏನು ಬರುತ್ತದೆ, ಇಲ್ಲಿಂದ ಏನು ಹೋಗುತ್ತದೆ? ಇದು ಯಾವ ಊರುಗಳ ಜೊತೆ ಸೇರುತ್ತದೆ, ಯಾಕೆ? ಸುಳ್ಯಕ್ಕೂ ಈ ಪ್ರಶ್ನೆ ಕೇಳಬಹುದು, ಟೋಕಿಯೊಗೂ ಕೇಳಬಹುದು.

ಇದನ್ನು ಶುರು ಮಾಡಿದವರು ಯಾರು?

ಅಮೆರಿಕದ ಭೂಗೋಳ ಶಿಕ್ಷಕರು. 1984ರಲ್ಲಿ ಅಲ್ಲಿನ ಭೂಗೋಳ ಶಿಕ್ಷಣದ ರಾಷ್ಟ್ರೀಯ ಮಂಡಳಿ ಮತ್ತು ಭೂಗೋಳ ತಜ್ಞರ ಸಂಘ ಸೇರಿ ಶಾಲೆಗಳಿಗೆ ಒಂದು ಮಾರ್ಗದರ್ಶಿ ಹೊರತಂದವು. ಐದು ವಿಷಯಗಳು ಅದರಲ್ಲಿ ಬಂದವು. ಆ ಹೊತ್ತಿಗೆ ಅಲ್ಲಿನ ಶಾಲೆಗಳಲ್ಲಿ ಭೂಗೋಳ ಅನ್ನುವುದು ಸಮಾಜ ವಿಜ್ಞಾನದ ಒಳಗೆ ಕರಗಿಹೋಗಿತ್ತು. ಉಳಿದದ್ದು ರಾಜಧಾನಿಗಳ ಪಟ್ಟಿ, ನದಿಗಳ ಪಟ್ಟಿ. ಅದಕ್ಕೂ ಮೊದಲು, 1964ರಲ್ಲಿ, ವಿಲಿಯಂ ಪ್ಯಾಟಿಸನ್ ಅನ್ನುವ ಅಮೆರಿಕದ ಭೂಗೋಳ ತಜ್ಞರು ಭೂಗೋಳದಲ್ಲಿ ನಾಲ್ಕು ಪರಂಪರೆಗಳಿವೆ ಎಂದು ಬರೆದಿದ್ದರು. ದೂರ ಮತ್ತು ಜಾಗದ ಲೆಕ್ಕ, ಪ್ರದೇಶಗಳ ಅಧ್ಯಯನ, ಮನುಷ್ಯ ಮತ್ತು ನೆಲದ ನಂಟು, ಭೂಮಿಯ ವಿಜ್ಞಾನ. ಐದು ವಿಷಯಗಳನ್ನು ಓದುವಾಗ ಈ ನಾಲ್ಕರ ನೆರಳು ಕಾಣುತ್ತದೆ.

ನಮ್ಮ ಪಠ್ಯಪುಸ್ತಕದಲ್ಲಿ ಈ ಹೆಸರಿನ ಪಾಠಗಳೇ ಇಲ್ವಲ್ಲ?

ಇಲ್ಲ. ನಮ್ಮ ಪುಸ್ತಕಗಳು ಬೇರೆ ರೀತಿ ಹಂಚಿಕೊಂಡಿವೆ. ಭೂಸ್ವರೂಪ, ವಾಯುಗುಣ, ಮಣ್ಣು, ಬೆಳೆ, ಖನಿಜ, ಸಾರಿಗೆ, ಜನಸಂಖ್ಯೆ ಹೀಗೆ. ಅದು ತಪ್ಪಲ್ಲ. ಆದರೆ ಮಣ್ಣಿನ ಪಾಠ ಜುಲೈಯಲ್ಲಿ, ಸಾರಿಗೆ ಪಾಠ ಡಿಸೆಂಬರಿನಲ್ಲಿ ಬಂದರೆ ಎರಡಕ್ಕೂ ನಂಟಿದೆ ಅನ್ನುವುದು ಮಗುವಿಗೆ ಹೊಳೆಯುವುದೇ ಇಲ್ಲ. ಒಂದು ಊರನ್ನು ಹಿಡಿದು ಐದು ಪ್ರಶ್ನೆ ಕೇಳಿದಾಗ ಆ ಪಾಠಗಳೆಲ್ಲ ಒಂದೇ ಕಡೆ ಬಂದು ಸೇರುತ್ತವೆ. ಹಾಗಾಗಿ ಪಠ್ಯಪುಸ್ತಕ ಬಿಡಬೇಕಾಗಿಲ್ಲ. ಅದರ ಪಕ್ಕದಲ್ಲಿ ಇದನ್ನು ಇಟ್ಟುಕೊಳ್ಳಿ.

ಸ್ಥಾನ ಅಂದರೆ ಅಕ್ಷಾಂಶ, ರೇಖಾಂಶ ಅಷ್ಟೇನಾ?

ಅದು ಅರ್ಧ ಮಾತ್ರ. ಸ್ಥಾನದಲ್ಲಿ ಎರಡು ಬಗೆ. ಒಂದು ನಿಖರ ಸ್ಥಾನ, ಇನ್ನೊಂದು ಸಾಪೇಕ್ಷ ಸ್ಥಾನ.

ಮಂಗಳೂರು ಸುಮಾರು 12.87 ಡಿಗ್ರಿ ಉತ್ತರ ಅಕ್ಷಾಂಶ, 74.85 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಉಡುಪಿ ಸುಮಾರು 13.34 ಡಿಗ್ರಿ ಉತ್ತರ, 74.75 ಡಿಗ್ರಿ ಪೂರ್ವ. ಮಕ್ಕಳು ಈ ಅಂಕೆಗಳನ್ನು ಬರೆದುಕೊಂಡು ಮುಂದೆ ಹೋಗುತ್ತಾರೆ. ಅಲ್ಲಿ ನಿಲ್ಲಿಸಬೇಕು. ಈ ಅಂಕೆಗಳಿಂದ ಏನು ಗೊತ್ತಾಗುತ್ತದೆ ಎಂದು ಕೇಳಬೇಕು.

ರೇಖಾಂಶ ನೋಡಿ. ಭಾರತದ ಗಡಿಯಾರ ನಡೆಯುವುದು 82.5 ಡಿಗ್ರಿ ಪೂರ್ವ ರೇಖಾಂಶದ ಲೆಕ್ಕದಲ್ಲಿ. ನಾವು ಅದಕ್ಕಿಂತ ಏಳೂವರೆ ಡಿಗ್ರಿಗೂ ಸ್ವಲ್ಪ ಜಾಸ್ತಿ ಪಶ್ಚಿಮಕ್ಕಿದ್ದೇವೆ. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು. ಅಂದರೆ ನಮ್ಮಲ್ಲಿ ಸೂರ್ಯ ಆಕಾಶದ ಅತಿ ಎತ್ತರಕ್ಕೆ ಬರುವುದು 12 ಗಂಟೆಗಲ್ಲ, ಸುಮಾರು 12.30ಕ್ಕೆ. ವರ್ಷದ ಬೇರೆ ಬೇರೆ ಕಾಲದಲ್ಲಿ ಇದು ಕಾಲು ಗಂಟೆಯಷ್ಟು ಆಚೀಚೆ ಆಗುತ್ತದೆ. ಅಂಗಳದಲ್ಲಿ ಒಂದು ಕೋಲು ನೆಟ್ಟು ನೆರಳು ಅಳೆದರೆ ಮಕ್ಕಳೇ ಇದನ್ನು ಕಂಡುಕೊಳ್ಳಬಹುದು.

ಅಕ್ಷಾಂಶವೂ ಹಾಗೆಯೇ. ನಾವು ಕರ್ಕಾಟಕ ಸಂಕ್ರಾಂತಿ ವೃತ್ತಕ್ಕಿಂತ ದಕ್ಷಿಣಕ್ಕಿರುವುದರಿಂದ ವರ್ಷಕ್ಕೆ ಎರಡು ಸಲ ಸೂರ್ಯ ನೆತ್ತಿಯ ಮೇಲೆ ನೇರ ಬರುತ್ತಾನೆ. ಮಂಗಳೂರಿನಲ್ಲಿ ಏಪ್ರಿಲ್ 24ರ ಆಸುಪಾಸು, ಮತ್ತೆ ಆಗಸ್ಟ್ 18ರ ಆಸುಪಾಸು. ಆ ದಿನ ಮಧ್ಯಾಹ್ನ ನೆಟ್ಟ ಕೋಲಿನ ನೆರಳು ಒಂದು ಕ್ಷಣ ಮಾಯವಾಗುತ್ತದೆ. ಉಡುಪಿ ಸ್ವಲ್ಪ ಉತ್ತರಕ್ಕಿರುವುದರಿಂದ ಏಪ್ರಿಲ್‌ನಲ್ಲಿ ಅಲ್ಲಿ ಒಂದೆರಡು ದಿನ ತಡ, ಆಗಸ್ಟ್‌ನಲ್ಲಿ ಒಂದೆರಡು ದಿನ ಬೇಗ. ಆಗಸ್ಟ್‌ನಲ್ಲಿ ಮೋಡ ಬಿಡುವುದು ಕಷ್ಟ. ಏಪ್ರಿಲ್ ದಿನವನ್ನು ತಪ್ಪಿಸಿಕೊಳ್ಳಬೇಡಿ.

ಸಾಪೇಕ್ಷ ಸ್ಥಾನ ಅಂದರೆ ಇನ್ನೊಂದರ ಹೋಲಿಕೆಯಲ್ಲಿ ಹೇಳುವುದು. ಇದರಲ್ಲಿ ನಮ್ಮ ಹಿರಿಯರು ಪಳಗಿದವರು. ಪಡು (ಪಶ್ಚಿಮ), ಮೂಡು (ಪೂರ್ವ), ತೆಂಕು (ದಕ್ಷಿಣ), ಬಡಗು (ಉತ್ತರ) ಎಂದೇ ದಾರಿ ಹೇಳುತ್ತಿದ್ದರು. ಪಡುಬಿದ್ರಿ ಕಡಲ ಬದಿಗಿದೆ, ಮೂಡುಬಿದಿರೆ ಒಳನಾಡಿನಲ್ಲಿದೆ. ಘಟ್ಟದ ಮೇಲೆ, ಘಟ್ಟದ ಕೆಳಗೆ ಅನ್ನುವ ಮಾತೂ ಸ್ಥಾನ ಹೇಳುವ ಮಾತೇ.

ನಮ್ಮ ಊರಿನ ಸ್ಥಾನವನ್ನು ಮೊದಲು ಸರಿಯಾಗಿ ಅಳೆದದ್ದು ಯಾವಾಗ?

ಇದು ನನಗೆ ತುಂಬ ಇಷ್ಟದ ಕತೆ, ಪ್ರತಿ ತರಗತಿಯಲ್ಲೂ ಹೇಳುತ್ತೇನೆ. ಬ್ರಿಟಿಷ್ ಸೇನೆಯ ಅಧಿಕಾರಿ ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಒಂದು ಆಧಾರ ರೇಖೆ ಅಳೆದು ತ್ರಿಕೋನ ಸರ್ವೆ ಶುರು ಮಾಡಿದ. ಗುಡ್ಡದಿಂದ ಗುಡ್ಡಕ್ಕೆ ಕೋನ ಅಳೆಯುತ್ತಾ ಆ ಸರ್ವೆ ಬೆಂಗಳೂರಿನ ಕಡೆಯಿಂದ ಘಟ್ಟ ದಾಟಿ ಮಂಗಳೂರಿನ ಕಡಲಿಗೆ ಬಂದು ಮುಟ್ಟಿತು. ಮದ್ರಾಸಿನಿಂದ ಮಂಗಳೂರಿಗೆ ಸುಮಾರು 400 ಮೈಲಿ ಎಂದು ಆವರೆಗೆ ತಿಳಿದಿದ್ದರು. ಅಳೆದಾಗ ಬಂದದ್ದು ಸುಮಾರು 360 ಮೈಲಿ. ನಕ್ಷೆಯಲ್ಲಿ ಪರ್ಯಾಯ ದ್ವೀಪವೇ 40 ಮೈಲಿ ಕಿರಿದಾಯಿತು! ಸ್ಥಾನ ಅನ್ನುವುದು ಸುಮ್ನೆ ಸಿಕ್ಕಿದ ಅಂಕೆಯಲ್ಲ, ಗುಡ್ಡ ಹತ್ತಿದವರ ಬೆವರು ಅದರಲ್ಲಿದೆ.

ಸ್ಥಾನ ಮತ್ತು ಸ್ಥಳ ಎರಡೂ ಒಂದೇ ಅಲ್ವಾ?

ಅಲ್ಲ. ಜಾಸ್ತಿ ಗೊಂದಲ ಆಗುವುದು ಇಲ್ಲೇ. ಸ್ಥಾನ ಎಲ್ಲಿ ಅನ್ನುವುದಕ್ಕೆ ಉತ್ತರ. ಸ್ಥಳ ಹೇಗೆ ಅನ್ನುವುದಕ್ಕೆ ಉತ್ತರ. ಬೆಂಗಳೂರು 12.97 ಡಿಗ್ರಿ, ಚೆನ್ನೈ 13.08 ಡಿಗ್ರಿ. ಮಂಗಳೂರು, ಬೆಂಗಳೂರು, ಚೆನ್ನೈ ಮೂರೂ ಹೆಚ್ಚು ಕಡಿಮೆ ಒಂದೇ ಅಕ್ಷಾಂಶದಲ್ಲಿವೆ. ಆದರೂ ಮೂರು ಬೇರೆ ಬೇರೆ ಲೋಕ. ಮಂಗಳೂರಿಗೆ ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಬೆಂಗಳೂರಿಗೆ ಸುಮಾರು 1,000 ಮಿಲಿಮೀಟರ್. ಚೆನ್ನೈಗೆ ಸುಮಾರು 1,400, ಅದೂ ಜಾಸ್ತಿ ಬೀಳುವುದು ಅಕ್ಟೋಬರ್‌ನಿಂದ ಡಿಸೆಂಬರ್ ವರೆಗೆ.

ಕಾರಣ ನಮ್ಮ ಮೂಡಣ ಗೋಡೆ. ಅರಬ್ಬಿ ಸಮುದ್ರದಿಂದ ಬರುವ ತೇವದ ಗಾಳಿ ಪಶ್ಚಿಮ ಘಟ್ಟಕ್ಕೆ ತಾಗಿ ಮೇಲೇರುತ್ತದೆ. ಕುದುರೆಮುಖದ ತುದಿ 1,892 ಮೀಟರ್ ಎತ್ತರ. ಮೇಲೇರಿದ ಗಾಳಿ ತಂಪಾಗುತ್ತದೆ, ಆವಿ ಹನಿಯಾಗುತ್ತದೆ, ಘಟ್ಟದ ಈಚೆಗೇ ಬಹುಪಾಲು ಮಳೆ ಸುರಿದು ಮುಗಿಯುತ್ತದೆ. ಆಚೆ ಇಳಿಯುವ ಗಾಳಿಯಲ್ಲಿ ಹೆಚ್ಚು ತೇವ ಉಳಿದಿರುವುದಿಲ್ಲ. ಮಳೆಗಾಲದಲ್ಲಿ ಬಸ್ಸಿನಲ್ಲಿ ಶಿರಾಡಿ ಘಾಟಿ ಹತ್ತಿ ಹಾಸನ ತಲುಪುವಷ್ಟರಲ್ಲಿ ಕಿಟಕಿಯಿಂದಲೇ ಈ ಪಾಠ ನೋಡಬಹುದು.

ಸ್ಥಳವನ್ನು ವರ್ಣಿಸುವಾಗ ಏನೇನು ಬರೆಯಬೇಕು?

ಪ್ರಕೃತಿ ಕೊಟ್ಟ ಗುಣಗಳು ಮತ್ತು ಮನುಷ್ಯ ಕೊಟ್ಟ ಗುಣಗಳು. ಉಡುಪಿಯನ್ನೇ ತೆಗೆದುಕೊಳ್ಳಿ. ಮುರಕಲ್ಲಿನ (ಲ್ಯಾಟರೈಟ್) ನೆಲ, ಪಶ್ಚಿಮಕ್ಕೆ ಕಡಲು, ಸ್ವರ್ಣಾ, ಸೀತಾ, ಉದ್ಯಾವರ ಹೊಳೆಗಳು. ಮಲ್ಪೆಯ ಎದುರಿಗೆ ಸೇಂಟ್ ಮೇರೀಸ್ ದ್ವೀಪ. ಅಲ್ಲಿನ ಕಂಬದಂಥ ಬಂಡೆಗಳು ಲಾವಾ ತಣ್ಣಗಾಗುವಾಗ ಸೀಳಿ ಆದವು. ಸುಮಾರು 8.8 ಕೋಟಿ ವರ್ಷ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರಾಗುತ್ತಿದ್ದ ಕಾಲದ ಲಾವಾ ಅದು. ಪಿಕ್‌ನಿಕ್‌ಗೆ ಹೋದ ಮಕ್ಕಳು ಆ ಬಂಡೆಯ ಮೇಲೆ ನಿಂತು ಫೋಟೊ ತೆಗೆಸಿಕೊಂಡು ಬರುತ್ತಾರೆ, ಯಾರೂ ಅವರಿಗೆ ಇದನ್ನು ಹೇಳಿರುವುದಿಲ್ಲ. ನನಗೆ ಅದು ನೋವಿನ ಸಂಗತಿ.

ಮನುಷ್ಯ ಕೊಟ್ಟ ಗುಣಗಳಲ್ಲಿ ಕೃಷ್ಣ ಮಠ, ಎರಡು ವರ್ಷಕ್ಕೊಮ್ಮೆ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಪರ್ಯಾಯ, ತುಳು, ಕನ್ನಡ, ಕೊಂಕಣಿ, ಬ್ಯಾರಿ ಮಾತುಗಳು, ಮಣಿಪಾಲದ ಕಾಲೇಜುಗಳು, ಶಂಕರಪುರದ ಮಲ್ಲಿಗೆ, ಮಟ್ಟು ಊರಿನ ಗುಳ್ಳ (ಬದನೆ) ಎಲ್ಲ ಬರುತ್ತವೆ. ಮಟ್ಟುಗುಳ್ಳಕ್ಕೂ ಉಡುಪಿ ಮಲ್ಲಿಗೆಗೂ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಬೆಳೆಯ ಗುಣಕ್ಕೂ ಆ ನೆಲಕ್ಕೂ ನಂಟಿದೆ ಎಂದು ಕಾನೂನೇ ಒಪ್ಪಿದ ಹಾಗಾಯಿತು.

ಜನಗಣತಿಯ ಅಂಕೆಯೂ ಸ್ಥಳದ ಗುಣ ಹೇಳುತ್ತದೆ. 2011ರ ಜನಗಣತಿಯಲ್ಲಿ ಉಡುಪಿ ಜಿಲ್ಲೆಯಲ್ಲಿ 1,000 ಗಂಡಸರಿಗೆ 1,094 ಹೆಂಗಸರಿದ್ದರು. ದಕ್ಷಿಣ ಕನ್ನಡದಲ್ಲಿ 1,020. ಮುಂಬೈ, ಕೊಲ್ಲಿ ದೇಶಗಳಿಗೆ ದುಡಿಯಲು ಹೋದ ಗಂಡಸರು ಆ ಲೆಕ್ಕದಲ್ಲಿ ಸಿಗುವುದಿಲ್ಲ. ಇದು ಒಂದು ದೊಡ್ಡ ಕಾರಣ. ಮನೆಯಲ್ಲಿ ಯಾರು ಇದ್ದಾರೆ, ಯಾರು ಇಲ್ಲ ಅನ್ನುವುದೂ ಭೂಗೋಳ.

ಮನುಷ್ಯ ಮತ್ತು ಪರಿಸರದ ಸಂಬಂಧ ಅಂದರೆ ಮಾಲಿನ್ಯದ ಪಾಠವೇ?

ಮಾಲಿನ್ಯ ಅದರ ಒಂದು ಮೂಲೆ ಅಷ್ಟೇ. ಮೂರು ಮಾತು ನೆನಪಿಡಿ. ಜನ ಪರಿಸರವನ್ನು ಅವಲಂಬಿಸುತ್ತಾರೆ, ಅದಕ್ಕೆ ಹೊಂದಿಕೊಳ್ಳುತ್ತಾರೆ, ಅದನ್ನು ಬದಲಿಸುತ್ತಾರೆ. ಐದರಲ್ಲಿ ಈ ವಿಷಯ ಅತ್ಯಂತ ಶ್ರೀಮಂತ ಎಂದು ನನಗೆ ಅನಿಸುತ್ತದೆ, ಅದರಲ್ಲೂ ನಮ್ಮ ಕರಾವಳಿಯಲ್ಲಿ.

ಅವಲಂಬನೆಗೆ ಮೀನುಗಾರಿಕೆ ಸಾಕು. ಬಂಗುಡೆ, ಬೂತಾಯಿ ಮೀನು ಬಂದರೆ ದಕ್ಕೆಯಲ್ಲಿ (ದೋಣಿ ನಿಲ್ಲುವ ಕಟ್ಟೆ) ಗದ್ದಲ, ಬರದಿದ್ದರೆ ಊರಿಗೆ ಊರೇ ಸಪ್ಪೆ. ಜೂನ್ 1ರಿಂದ ಜುಲೈ 31ರ ವರೆಗೆ 61 ದಿನ ಯಂತ್ರದ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ. ಮೀನು ಮೊಟ್ಟೆ ಇಡುವ ಕಾಲ, ಕಡಲು ಒರಟಾಗಿರುವ ಕಾಲ ಎರಡೂ ಅದೇ.

ಹೊಂದಿಕೊಳ್ಳುವುದಕ್ಕೆ ನಮ್ಮ ಗದ್ದೆಗಳನ್ನು ನೋಡಿ. ತಗ್ಗಿನ ಗದ್ದೆ ಬೈಲು, ಅದಕ್ಕಿಂತ ಸ್ವಲ್ಪ ಮೇಲಿನದು ಮಜಲು, ಎತ್ತರದ್ದು ಬೆಟ್ಟು. ಬೈಲಿನಲ್ಲಿ ನೀರು ನಿಲ್ಲುತ್ತದೆ, ಹಾಗಾಗಿ ಏಣೆಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ ತೆಗೆಯುತ್ತಿದ್ದರು. ಮಜಲಿನಲ್ಲಿ ಎರಡು. ಬೆಟ್ಟಿನಲ್ಲಿ ಮಳೆಯ ಒಂದೇ ಬೆಳೆ. ಇಳಿಜಾರು, ನೀರು, ಮಣ್ಣು ಮೂರನ್ನೂ ಲೆಕ್ಕಕ್ಕೆ ತೆಗೆದುಕೊಂಡ ವರ್ಗೀಕರಣ ಇದು, ಯಾವ ಸರ್ವೆ ಇಲಾಖೆಯೂ ಹೇಳಿಕೊಡುವ ಮೊದಲೇ ರೈತರು ಮಾಡಿಕೊಂಡದ್ದು. ಮಳೆ ನಿಂತ ಮೇಲೆ ತೋಡಿಗೆ (ಸಣ್ಣ ಹಳ್ಳ) ಅಡ್ಡವಾಗಿ ಕಲ್ಲು, ಮಣ್ಣು, ಅಡಿಕೆ ಮರ ಹಾಕಿ ಊರವರೇ ಸೇರಿ ಕಟ್ಟ ಕಟ್ಟುತ್ತಾರೆ. ಬೇಸಗೆಗೆ ತೋಟಕ್ಕೆ ನೀರು ಸಿಗುತ್ತದೆ, ಸುತ್ತಲಿನ ಬಾವಿಗಳ ಮಟ್ಟ ಏರುತ್ತದೆ. ಮಳೆಗಾಲ ಬಂದಾಗ ಕಟ್ಟ ತೆಗೆಯುತ್ತಾರೆ. ಬಂಟ್ವಾಳ, ಪುತ್ತೂರು ಕಡೆಯಿಂದ ಕಾಸರಗೋಡಿನ ವರೆಗೆ ಮುರಕಲ್ಲಿನ ಗುಡ್ಡದಲ್ಲಿ ಅಡ್ಡಲಾಗಿ ಸುರಂಗ ಕೊರೆದು ನೀರು ಹರಿಸಿಕೊಂಡವರೂ ಇದ್ದಾರೆ. ಪಂಪು ಬೇಡ, ಕರೆಂಟು ಬೇಡ.

ಮುರಕಲ್ಲಿನದೇ ಒಂದು ಕತೆ. ನೆಲದೊಳಗೆ ಇರುವಾಗ ಕೊಡಲಿಯಿಂದ ಕಡಿಯುವಷ್ಟು ಮೆತ್ತಗೆ, ಗಾಳಿ ಬಿಸಿಲಿಗೆ ಬಂದ ಮೇಲೆ ಗಟ್ಟಿ. ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟಿಸಿದ ಪ್ರವಾಸ ಕಥನದಲ್ಲಿ ಈ ಕಲ್ಲನ್ನು ವಿವರಿಸಿ ಲ್ಯಾಟರೈಟ್ ಎಂದು ಕರೆದ. ಆತ ಅದನ್ನು ಗಮನಿಸಿದ್ದು ಕೇರಳದ ಅಂಗಡಿಪುರಂನಲ್ಲಿ. ಜಗತ್ತಿನ ಭೂವಿಜ್ಞಾನಕ್ಕೆ ನಮ್ಮ ಈ ಪಶ್ಚಿಮ ಕರಾವಳಿ ಕೊಟ್ಟ ಕಲ್ಲು ಇದು. ನಮ್ಮ ಮನೆಯ ಗೋಡೆಯಲ್ಲೂ ಅದೇ ಇದೆ.

ಬದಲಿಸುವುದಕ್ಕೆ ಪಣಂಬೂರಿನ ನವ ಮಂಗಳೂರು ಬಂದರು ನೋಡಿ. ಅದು ಸಹಜ ಬಂದರಲ್ಲ. ನೆಲ ಅಗೆದು ಒಳಗೆ ನೀರು ತಂದು ಮಾಡಿದ್ದು. 1974ರಲ್ಲಿ ಅದು ದೇಶದ ಒಂಬತ್ತನೇ ಪ್ರಮುಖ ಬಂದರಾಯಿತು. ತುಂಬೆಯಲ್ಲಿ ನೇತ್ರಾವತಿಗೆ ಅಣೆಕಟ್ಟು ಹಾಕಿ ಮಂಗಳೂರಿಗೆ ಕುಡಿಯುವ ನೀರು ಕೊಟ್ಟೆವು. ಗುಡ್ಡದ ತಲೆ ಸವರಿ ವಿಮಾನ ನಿಲ್ದಾಣ ಮಾಡಿದೆವು. ಅಳಿವೆ (ಹೊಳೆ ಕಡಲು ಸೇರುವ ಜಾಗ) ಬಾಯಿಯ ಎರಡು ಬದಿಗೂ ಕಲ್ಲಿನ ತಡೆಗೋಡೆ ಹಾಕಿದೆವು, ದೋಣಿಗಳಿಗೆ ದಾರಿ ಸಿಗಲಿ ಎಂದು. ಇವುಗಳಲ್ಲಿ ಯಾವುದೂ ಬೇಡವಾಗಿತ್ತು ಎಂದು ನಾನು ಹೇಳುವುದಿಲ್ಲ. ಆದರೆ ಪ್ರತಿಯೊಂದು ಬದಲಾವಣೆಗೂ ಬೆಲೆ ಇದೆ, ಆ ಬೆಲೆ ಕೊಡುವವರು ಹೆಚ್ಚಾಗಿ ಲಾಭ ಪಡೆದವರಲ್ಲ. ತರಗತಿಯಲ್ಲಿ ಈ ಮಾತು ಬರಲೇಬೇಕು.

ಹಾಗಾದರೆ ಪರಿಸರವೇ ನಮ್ಮ ಬದುಕನ್ನು ನಿರ್ಧರಿಸುತ್ತದೆಯೇ?

ಇದು ಹಳೆಯ ಜಗಳ. ಜರ್ಮನಿಯ ಫ್ರೆಡ್ರಿಕ್ ರಾಟ್ಜೆಲ್‌ನ ವಿಚಾರಗಳಿಂದ ಬೆಳೆದ ಒಂದು ಪಂಥ ಹೌದು ಅನ್ನುತ್ತಿತ್ತು. ಫ್ರಾನ್ಸಿನ ಪಾಲ್ ವಿಡಾಲ್ ಡೆ ಲಾ ಬ್ಲಾಶ್ ಕಡೆಯವರು, ಪರಿಸರ ಕೆಲವು ದಾರಿ ತೋರಿಸುತ್ತದೆ, ಆರಿಸುವುದು ಜನ ಅಂದರು. ನಮ್ಮ ಮನೆಯ ಮಾಡುಗಳನ್ನು (ಛಾವಣಿ) ನೋಡಿದರೆ ನನಗೆ ಎರಡನೆಯದೇ ಸರಿ ಅನಿಸುತ್ತದೆ. ಮಳೆ ಅದೇ. ಆದರೆ ಮೊದಲು ಹುಲ್ಲು, ತೆಂಗಿನ ಮಡಲಿನ ಮಾಡು, ಆಮೇಲೆ ಹೆಂಚು, ಆಮೇಲೆ ಆರ್‌ಸಿಸಿ. ಈಗ ಆರ್‌ಸಿಸಿ ಸೋರುತ್ತದೆ ಎಂದು ಅದರ ಮೇಲೆ ಶೀಟು!

ಚಲನೆ ಅಂದರೆ ಸಾರಿಗೆ ಪಾಠ ತಾನೇ?

ರಸ್ತೆ, ರೈಲು ಅದರಲ್ಲಿ ಬರುತ್ತವೆ. ಆದರೆ ಜನ, ಸರಕು, ವಿಚಾರ ಮೂರೂ ಚಲಿಸುತ್ತವೆ. ಮೂರಕ್ಕೂ ಇಲ್ಲಿ ಉದಾಹರಣೆ ಹುಡುಕಬೇಕಾಗಿಯೇ ಇಲ್ಲ.

12ನೇ ಶತಮಾನದಲ್ಲಿ ಟುನೀಶಿಯಾ ಮೂಲದ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಏಡನ್ ದಾಟಿ ಮಂಗಳೂರಿಗೆ ಬಂದು ಬಹಳ ವರ್ಷ ಇಲ್ಲೇ ನೆಲೆಸಿದ್ದ. ಇಲ್ಲಿ ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸುತ್ತಿದ್ದ. ಕಾಳುಮೆಣಸು, ಅಡಿಕೆ, ಕಬ್ಬಿಣ ಪಶ್ಚಿಮಕ್ಕೆ ಕಳಿಸುತ್ತಿದ್ದ. ಅವನ ಕಾಗದಪತ್ರಗಳು ಸಿಕ್ಕಿದ್ದು ಈಜಿಪ್ಟಿನ ಕೈರೋದಲ್ಲಿ, ಹಳೆಯ ಯಹೂದಿ ಪ್ರಾರ್ಥನಾ ಮಂದಿರದ ಕಾಗದದ ಭಂಡಾರದಲ್ಲಿ. ಹಡಗು, ಮಳೆಗಾಲದ ಗಾಳಿ, ಮೆಣಸಿನ ಬೆಲೆ ಇವಿಷ್ಟೂ ಸೇರಿ ಮಂಗಳೂರನ್ನು ಮೆಡಿಟರೇನಿಯನ್ ಕಡಲಿಗೆ ಜೋಡಿಸಿದ್ದವು.

1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆ ಇಲ್ಲಿಗೆ ಬಂತು. ಅದರ ಪಾದ್ರಿ ಹರ್ಮನ್ ಮೋಗ್ಲಿಂಗ್ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಮಂಗಳೂರು ಸಮಾಚಾರ ತಂದರು. 1865ರಲ್ಲಿ ಮಿಷನ್ ಹೆಂಚಿನ ಕಾರ್ಖಾನೆ ತೆರೆಯಿತು. ಯಂತ್ರದ ತಿಳಿವಳಿಕೆ ಯುರೋಪಿನದು, ಮಣ್ಣು ನೇತ್ರಾವತಿ ಮತ್ತು ಗುರುಪುರ ಹೊಳೆಗಳ ದಡದ್ದು. ಮಂಗಳೂರು ಹೆಂಚು ಹಡಗು ಹತ್ತಿ ಪೂರ್ವ ಆಫ್ರಿಕಾದ ವರೆಗೂ ಹೋಯಿತು. ಬಂದದ್ದು ವಿಚಾರ, ಹೋದದ್ದು ಸರಕು.

ಇಲ್ಲಿಂದ ಹೊರಟ ವಿಚಾರಗಳೂ ಇವೆ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿತು. ಏಜೆಂಟರು ಮನೆ ಬಾಗಿಲಿಗೆ, ಅಂಗಡಿಗೆ ಬಂದು ದಿನದ ಚಿಲ್ಲರೆ ಹಣ ಕಟ್ಟಿಸಿಕೊಂಡು ಹೋಗುತ್ತಿದ್ದರು. ಪಿಗ್ಮಿ ಈಗ ಕರ್ನಾಟಕದ ಎಲ್ಲ ಊರಿನ ಮಾತು. ಉಡುಪಿ ಹೋಟೆಲುಗಳ ಬಗ್ಗೆ ಹೇಳುವುದೇ ಬೇಡ, ಮದ್ರಾಸ್, ಮುಂಬೈ ಎಲ್ಲ ಕಡೆ ಊರಿನ ಹೆಸರೇ ಅಡುಗೆಯ ಹೆಸರಾಯಿತು.

ಸರಕಿನ ಚಲನೆಗೆ ಒಂದು ವಿಚಿತ್ರ ಉದಾಹರಣೆ ಕುದುರೆಮುಖದ ಕಬ್ಬಿಣದ ಅದಿರು. ಲಾರಿಯಲ್ಲಿ ತರಲಿಲ್ಲ. ಪುಡಿ ಮಾಡಿ, ನೀರಿನಲ್ಲಿ ಕಲಸಿ, ಸುಮಾರು 67 ಕಿಲೋಮೀಟರ್ ಕೊಳವೆಯಲ್ಲಿ ಘಟ್ಟದಿಂದ ಪಣಂಬೂರಿಗೆ ಹರಿಸಿದರು. ಘಟ್ಟದ ಎತ್ತರವೇ ಬಹುಪಾಲು ಕೆಲಸ ಮಾಡಿಕೊಟ್ಟಿತು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಅಲ್ಲಿ ಗಣಿಗಾರಿಕೆ ನಿಂತಿತು.

ರೈಲಿನ ವಿಷಯಕ್ಕೆ ಬಂದರೆ, 1998ರ ಜನವರಿಯಲ್ಲಿ ಕೊಂಕಣ ರೈಲು ಪೂರ್ತಿ ಓಡಲು ಶುರುವಾಯಿತು. ರೋಹಾದಿಂದ ಮಂಗಳೂರು ಹತ್ತಿರದ ತೋಕೂರಿಗೆ 741 ಕಿಲೋಮೀಟರ್. ಮುಂಬೈಯಲ್ಲಿ ದುಡಿಯುವ ನಮ್ಮವರಿಗೆ ಊರು ಹತ್ತಿರವಾಯಿತು. ಕಿಲೋಮೀಟರಿನ ದೂರ, ಗಂಟೆಯ ದೂರ ಎರಡೂ ಬೇರೆ ಎಂದು ಕಲಿಸಲು ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ಶಿರಾಡಿಯಲ್ಲಿ ಗುಡ್ಡ ಜರಿದ ದಿನ ಬೆಂಗಳೂರು ಎಷ್ಟು ದೂರ ಅನ್ನುವುದನ್ನೂ ಮಕ್ಕಳಿಗೆ ಕೇಳಿ.

ಮರಳು, ಗಾಳಿ, ನೀರಿನ ಚಲನೆ ಇದರಲ್ಲಿ ಬರುತ್ತದೆಯೇ?

ಮೂಲ ಮಾರ್ಗದರ್ಶಿಯ ಒತ್ತು ಜನ, ಸರಕು, ವಿಚಾರಗಳ ಮೇಲಿತ್ತು. ಆದರೆ ಕರಾವಳಿಯಲ್ಲಿ ಕೂತು ಮರಳನ್ನು ಬಿಟ್ಟರೆ ಪಾಠ ಮುಗಿಯುವುದಿಲ್ಲ. ಮಳೆಗಾಲದ ದೊಡ್ಡ ಅಲೆಗಳು ದಡದ ಮರಳನ್ನು ಕಡಲಿಗೆ ಎಳೆಯುತ್ತವೆ. ಮಳೆ ಮುಗಿದ ಮೇಲೆ ಸಣ್ಣ ಅಲೆಗಳು ಅದನ್ನು ಮೆಲ್ಲಗೆ ವಾಪಸ್ ತರುತ್ತವೆ. ಉದ್ದಕ್ಕೂ ದಡದ ಪಕ್ಕದಲ್ಲಿ ಮರಳು ನಡೆಯುತ್ತಿರುತ್ತದೆ. ಆ ನಡಿಗೆಗೆ ಎಲ್ಲಾದರೂ ಕಲ್ಲಿನ ಗೋಡೆ ಅಡ್ಡ ಬಂದರೆ ಒಂದು ಬದಿಗೆ ಮರಳು ಸೇರುತ್ತದೆ, ಇನ್ನೊಂದು ಬದಿ ಸವೆಯುತ್ತದೆ. ಉಳ್ಳಾಲದ ಕಡಲ್ಕೊರೆತದ ಸುದ್ದಿ ಪ್ರತಿ ಜೂನ್‌ನಲ್ಲಿ ಓದುವಾಗ ಮಗುವಿಗೆ ಇದು ಗೊತ್ತಿರಬೇಕು.

ಪ್ರದೇಶ ಅಂದರೆ ಜಿಲ್ಲೆ, ತಾಲೂಕೇ?

ಅದು ಒಂದು ಬಗೆ. ಗಡಿ ಸ್ಪಷ್ಟವಾಗಿರುವ, ಒಂದೇ ಲಕ್ಷಣ ಎಲ್ಲ ಕಡೆ ಇರುವ ಪ್ರದೇಶ ಔಪಚಾರಿಕ ಪ್ರದೇಶ. ಉಡುಪಿ ಜಿಲ್ಲೆ ಅಂಥದ್ದು, 1997ರ ಆಗಸ್ಟ್‌ನಲ್ಲಿ ದಕ್ಷಿಣ ಕನ್ನಡದಿಂದ ಬೇರೆಯಾಯಿತು. ಗಡಿಗಳು ಬದಲಾಗುತ್ತವೆ ಅನ್ನುವುದನ್ನೂ ಜೊತೆಗೇ ಹೇಳಿ. 1956ರ ವರೆಗೆ ಇಡೀ ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿತ್ತು, ಕಾಸರಗೋಡು ಅದರ ಒಳಗಿತ್ತು. ರಾಜ್ಯಗಳ ಮರುವಿಂಗಡಣೆಯಲ್ಲಿ ಕಾಸರಗೋಡು ಕೇರಳಕ್ಕೆ ಹೋಯಿತು, ಉಳಿದದ್ದು ಮೈಸೂರು ರಾಜ್ಯಕ್ಕೆ ಬಂತು.

ಎರಡನೆಯದು ಕಾರ್ಯಾತ್ಮಕ ಪ್ರದೇಶ. ಒಂದು ಕೇಂದ್ರ, ಅದರ ಸುತ್ತ ಅದನ್ನು ನೆಚ್ಚಿಕೊಂಡ ಊರುಗಳು. ಮಂಗಳೂರಿನ ಆಸ್ಪತ್ರೆಗಳನ್ನು ತೆಗೆದುಕೊಳ್ಳಿ. ಮಂಜೇಶ್ವರ, ಕಾಸರಗೋಡಿನವರಿಗೆ ದೊಡ್ಡ ಕಾಯಿಲೆ ಬಂದರೆ ಮಂಗಳೂರೇ ಹತ್ತಿರ. 2020ರ ಲಾಕ್‌ಡೌನ್‌ನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ರೋಗಿಗಳು ಪಟ್ಟ ಪಾಡು ಎಲ್ಲರಿಗೂ ನೆನಪಿದೆ. ಔಪಚಾರಿಕ ಪ್ರದೇಶದ ಗೆರೆ ಕಾರ್ಯಾತ್ಮಕ ಪ್ರದೇಶವನ್ನು ನಡುವೆ ಕತ್ತರಿಸಿದರೆ ಏನಾಗುತ್ತದೆ ಎಂದು ಅಂದು ಕಂಡಿತು.

ಮೂರನೆಯದು ಜನರ ಮನಸ್ಸಿನಲ್ಲಿರುವ ಪ್ರದೇಶ.

ತುಳುನಾಡು ಈ ಮೂರರಲ್ಲಿ ಯಾವುದು? ಅದರ ಗಡಿ ಎಲ್ಲಿ?

ಮೂರನೆಯದು. ಸರ್ಕಾರದ ಯಾವ ಗಡಿಕಲ್ಲೂ ಅದಕ್ಕಿಲ್ಲ. ತೆಂಕಿಗೆ ಕಾಸರಗೋಡಿನ ಚಂದ್ರಗಿರಿ ಹೊಳೆ ಎಂದು ಹೆಚ್ಚಿನವರು ಹೇಳುತ್ತಾರೆ. ಬಡಗಿನಲ್ಲಿ ಮಾತು ಅಷ್ಟು ಸುಲಭವಿಲ್ಲ. ಒಬ್ಬರು ಕಲ್ಯಾಣಪುರ ಅನ್ನುತ್ತಾರೆ, ಇನ್ನೊಬ್ಬರು ಬಾರಕೂರು ಅನ್ನುತ್ತಾರೆ. ಬ್ರಹ್ಮಾವರ ದಾಟುತ್ತಾ ತುಳು ಕಡಿಮೆಯಾಗಿ ಕುಂದಾಪುರ ಕನ್ನಡ ಕೇಳಲು ಶುರುವಾಗುತ್ತದೆ. ಅದು ಗೆರೆಯಲ್ಲ, ಒಂದು ಪಟ್ಟಿ.

ಯಕ್ಷಗಾನ ನೋಡುವವರಿಗೆ ಇದು ಬೇಗ ಅರ್ಥವಾಗುತ್ತದೆ. ಅದರ ಎರಡು ಶೈಲಿಗಳಾದ ತೆಂಕುತಿಟ್ಟು, ಬಡಗುತಿಟ್ಟು ಎರಡು ಪ್ರದೇಶಗಳೇ. ತೆಂಕಿನ ಕಿರೀಟ, ಬಡಗಿನ ಮುಂಡಾಸು, ಹಿಮ್ಮೇಳದ ಬಗೆ, ಕುಣಿತ ಎಲ್ಲ ಬೇರೆ. ಆದರೆ ಉಡುಪಿಯ ಆಸುಪಾಸಿನ ಬಯಲಿನಲ್ಲಿ ಎರಡೂ ತಿಟ್ಟಿನ ಆಟ ಆಗುತ್ತದೆ, ಎರಡಕ್ಕೂ ಜನ ಸೇರುತ್ತಾರೆ. ಮಕ್ಕಳಿಗೆ ಒಂದು ಕೆಲಸ ಕೊಡಿ. ಮನೆಯ ಹಿರಿಯರನ್ನು ತುಳುನಾಡಿನ ಗಡಿ ಎಲ್ಲಿ ಎಂದು ಕೇಳಿ ನಕ್ಷೆಯಲ್ಲಿ ಗೆರೆ ಎಳೆಯಲಿ. ಎಲ್ಲರ ನಕ್ಷೆ ಒಂದರ ಮೇಲೊಂದು ಇಟ್ಟು ನೋಡಿ. ಗೆರೆಗಳು ಒಟ್ಟಾಗುವ ಕಡೆಯೂ ಪಾಠ, ಚದುರುವ ಕಡೆಯೂ ಪಾಠ.

ಒಂದೇ ಉದಾಹರಣೆ ಎರಡು ಮೂರು ವಿಷಯಕ್ಕೆ ಬಂದರೆ ತಪ್ಪಾಗುತ್ತದಾ?

ಇಲ್ಲ, ಹಾಗೆ ಬರಲೇಬೇಕು. ಹೆಂಚನ್ನು ನಾನು ಚಲನೆಯಲ್ಲಿ ಹೇಳಿದೆ. ಮಣ್ಣಿನ ದೃಷ್ಟಿಯಿಂದ ಅದು ಪರಿಸರದ ಸಂಬಂಧ, ಕೆಂಪು ಮಾಡಿನ ಊರು ಅನ್ನುವಾಗ ಸ್ಥಳದ ಗುಣ, ಅಳಿವೆಯ ಪಕ್ಕದಲ್ಲೇ ಕಾರ್ಖಾನೆ ಯಾಕೆ ಅನ್ನುವಾಗ ಸ್ಥಾನದ ಪ್ರಶ್ನೆ. ಯಾವುದನ್ನು ಯಾವ ಡಬ್ಬಿಗೆ ಹಾಕಬೇಕು ಎಂದು ಶಿಕ್ಷಕರು ಜಗಳಕ್ಕೆ ನಿಲ್ಲುವುದನ್ನು ನೋಡಿದ್ದೇನೆ. ಮಗು ಕಾರಣ ಕೊಟ್ಟು ಹೇಳಿದರೆ ಯಾವ ಉತ್ತರವೂ ಸರಿ.

1994ರಲ್ಲಿ ಹೊಸ ಮಾನದಂಡ ಬಂತಂತೆ. ಐದು ವಿಷಯ ಹಳತಾಯ್ತಾ?

ಬಂದದ್ದು ನಿಜ. ಅಮೆರಿಕದಲ್ಲಿ 1994ರಲ್ಲಿ 18 ಮಾನದಂಡಗಳ ಹೊಸ ಚೌಕಟ್ಟು ಬಂತು. ಅದು ಜಾಸ್ತಿ ಆಳ, ಜಾಸ್ತಿ ವಿವರ. ಕಾಲೇಜಿಗೆ ಅದು ಒಳ್ಳೆಯದು. ಆದರೆ 18ನ್ನು ಯಾವ ಮಗುವೂ ತಲೆಯಲ್ಲಿ ಇಟ್ಟುಕೊಂಡು ಹೊಳೆ ದಡದಲ್ಲಿ ನಡೆಯಲಾರದು. ಐದನ್ನು ಇಟ್ಟುಕೊಳ್ಳಬಹುದು. ಅದಕ್ಕೇ ಅವು ಇನ್ನೂ ಉಳಿದಿವೆ.

ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಇದರಿಂದ ಉಪಯೋಗ ಇದೆಯಾ?

ನೇರ ಪ್ರಶ್ನೆ ಬರುವುದಿಲ್ಲ. ಕಾರಣ ಕೊಡಿ, ಹೋಲಿಸಿ ಅನ್ನುವ ಪ್ರಶ್ನೆಗಳಿಗೆ ಉಪಯೋಗವಿದೆ. ನಕ್ಷೆ ಗುರುತಿಸುವುದಕ್ಕೂ ಉಪಯೋಗ. ನವ ಮಂಗಳೂರು ಬಂದರು ಎಲ್ಲಿ ಎಂದು ಬಾಯಿಪಾಠ ಮಾಡಿದವರಿಗಿಂತ ಅಲ್ಲಿ ಯಾಕಿದೆ ಎಂದು ತಿಳಿದವರು ಚುಕ್ಕಿ ಸರಿ ಇಡುತ್ತಾರೆ.

ಒಂದು ದಿನ ಮಕ್ಕಳನ್ನು ಹೊರಗೆ ಕರೆದೊಯ್ಯುವುದಾದರೆ ಎಲ್ಲಿಗೆ?

ಮಂಗಳೂರಿನವರು ಅಳಿವೆಗೆ ಹೋಗಿ. ನೇತ್ರಾವತಿ, ಗುರುಪುರ ಎರಡೂ ಹೊಳೆ ಒಂದೇ ಬಾಯಿಯಲ್ಲಿ ಕಡಲು ಸೇರುತ್ತವೆ. ಒಂದು ಬದಿ ಉಳ್ಳಾಲದ ಮರಳು ದಿಣ್ಣೆ, ಇನ್ನೊಂದು ಬದಿ ಬೆಂಗ್ರೆ. ಹಳೆ ಬಂದರಿನಿಂದ ಬೆಂಗ್ರೆಗೆ ದೋಣಿಯಲ್ಲಿ ದಾಟಬಹುದು. ದೋಣಿಯಲ್ಲಿ ಯಾರು ಕೂತಿದ್ದಾರೆ, ಏನು ಹೊತ್ತಿದ್ದಾರೆ, ಎಲ್ಲಿಗೆ ಹೊರಟಿದ್ದಾರೆ ಎಂದು ಮಕ್ಕಳು ಮಾತಾಡಿಸಿ ಬರೆದುಕೊಳ್ಳಲಿ. ಐದೂ ವಿಷಯ ಅಲ್ಲೇ ಸಿಗುತ್ತವೆ.

ಉಡುಪಿಯವರಿಗೆ ಎರಡು ಆಯ್ಕೆ. ಸ್ವರ್ಣಾ, ಸೀತಾ ಹೊಳೆಗಳು ಕಡಲು ಸೇರುವ ಕೋಡಿ ಬೆಂಗ್ರೆ, ಅಥವಾ ಮರವಂತೆ. ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ. ಕಾರು ನಿಲ್ಲಿಸಿ ಸೆಲ್ಫಿ ತೆಗೆದು ಹೋಗುವ ಜಾಗ ಅದು. ಸ್ವಲ್ಪ ಹೊತ್ತು ನಿಂತು, ಹೊಳೆ ಇಷ್ಟು ಹತ್ತಿರ ಬಂದೂ ಇಲ್ಲೇ ಕಡಲು ಸೇರದೆ ಯಾಕೆ ಪಕ್ಕಕ್ಕೆ ತಿರುಗಿ ಗಂಗೊಳ್ಳಿಯ ಕಡೆ ಹೋಗುತ್ತದೆ ಎಂದು ಕೇಳಿ. ಉತ್ತರ ಮರಳಿನಲ್ಲಿದೆ. ಮಳೆಗಾಲದಲ್ಲಿ ಮಾತ್ರ ಮಕ್ಕಳನ್ನು ನೀರಿನ ಹತ್ತಿರ ಬಿಡಬೇಡಿ.

ಯಾವ ನಕ್ಷೆ ಬಳಸುವುದು ಒಳ್ಳೆಯದು?

ಮೊಬೈಲಿನ ನಕ್ಷೆ ದಾರಿ ಹುಡುಕಲು ಸಾಕು, ನೆಲ ಓದಲು ಸಾಲದು. 1767ರಲ್ಲಿ ಶುರುವಾದ ಸರ್ವೆ ಆಫ್ ಇಂಡಿಯಾದ 1:50,000 ಪ್ರಮಾಣದ ಸ್ಥಳಾಕೃತಿ ನಕ್ಷೆಗಳು ಈಗ ಅದರ ಜಾಲತಾಣದಲ್ಲೇ ಸಿಗುತ್ತವೆ. ಅದರಲ್ಲಿ ನಕ್ಷೆಯ ಒಂದು ಸೆಂಟಿಮೀಟರ್ ಅಂದರೆ ನೆಲದ ಮೇಲೆ ಅರ್ಧ ಕಿಲೋಮೀಟರ್. ಎತ್ತರದ ಗೆರೆಗಳನ್ನು ನೋಡಿದರೆ ಪದವು (ಗುಡ್ಡದ ಮೇಲಿನ ಬಯಲು) ಎಲ್ಲಿ ಸಪಾಟಾಗಿದೆ, ಬೈಲು ಎಲ್ಲಿ ಇಳಿಯುತ್ತದೆ ಗೊತ್ತಾಗುತ್ತದೆ. ಉಪಗ್ರಹದ ಚಿತ್ರ ಬೇಕಿದ್ದರೆ ಇಸ್ರೋದ ಭುವನ್ ಇದೆ. ಎರಡನ್ನೂ ಪಕ್ಕ ಪಕ್ಕ ಇಟ್ಟು, ಮೊದಲು ನಿಮ್ಮ ಶಾಲೆ, ಆಮೇಲೆ ಹತ್ತಿರದ ತೋಡು, ಆ ತೋಡು ಸೇರುವ ಹೊಳೆ, ಆ ಹೊಳೆಯ ಅಳಿವೆ ಈ ಕ್ರಮದಲ್ಲಿ ಗುರುತು ಮಾಡಿಸಿ.